ಪರಮಾಣು ಬೀಜದ ಲೆಕ್ಕ



ಪದಾರ್ಥವಿಜ್ಞಾನದ ಒಂದು ವಿಷಯವನ್ನು ಈ ಸಭೆಗೆ ಅರಿಕೆ ಮಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ನೆರೆದಿರುವ ತಮಗೆ ಲೆಕ್ಕದ ಮರ್ಮವನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ನೇಕಾರನು ನೂಲನ್ನು ತೂಗಿ ತಂದರೆ, ನೇಯ್ದ ಅರಿವೆಯೂ ಉಳಿದ ನೂಲೂ ಕೂಡಿ ಮೊದಲಿನ ತೂಕಕ್ಕೆ ಸರಿಹೋಗಬೇಕು. ಕಡಿಮೆ ಬಿದ್ದರೆ, ಬಿದ್ದ ಪಾಲು ಎಲ್ಲಿ ಹೋಯಿತೆಂದು ಹುಡುಕಬೇಕು. ಇಂದಿನ ವಿಷಯವೂ ಅಂಥದೊಂದು ಲೆಕ್ಕವೇ.

ಪರಮಾಣುವಿನ ನಡುವೆ ಬೀಜವೆಂಬುದುಂಟು. ಅಡ್ಡಳತೆಯಲ್ಲಿ ಅದು ಪರಮಾಣುವಿನ ಹತ್ತುಸಾವಿರದಲ್ಲೊಂದು ಪಾಲಿಗಿಂತಲೂ ಚಿಕ್ಕದು, ಕಣ್ಣಿಗೆ ಕಾಣುವಂಥದಲ್ಲ. ಆದರೆ ಕೆಲವು ಧಾತುಗಳ ಬೀಜಗಳು ತಾವಾಗಿಯೇ ಮಾರ್ಪಟ್ಟು ಎಲೆಕ್ಟ್ರಾನುಗಳೆಂಬ ಕಣಗಳನ್ನು ಹೊರಚೆಲ್ಲುವುವು. ಅಯಸ್ಕಾಂತದ ನಡುವೆ ಹಾಯಿಸಿದರೆ ಈ ಕಣಗಳು ಬಾಗುವುವು. ಹೆಚ್ಚು ಶಕ್ತಿಯುಳ್ಳದ್ದು ಕಡಿಮೆ ಬಾಗುವುದು. ಬಾಗಿನಿಂದ ಶಕ್ತಿಯನ್ನೂ, ಶಕ್ತಿಯಿಂದ ಬೀಜದ ಒಳರಚನೆಯನ್ನೂ ಅರಿಯುವುದೇ ಈ ಶಾಸ್ತ್ರದ ಮಾರ್ಗ.

ಸೀಸಿಯಂ-137ರ ಉದಾಹರಣೆಯನ್ನು ನೋಡಿರಿ. ಸುಮಾರು 30 ವರ್ಷಗಳಲ್ಲಿ ಅದರ ಅರ್ಧಭಾಗವು ಬೇರಿಯಂ ಆಗುವುದು. ಹೊಸದಾಗಿ ಹುಟ್ಟಿದ ಬೇರಿಯಂ ಬೀಜಗಳಲ್ಲಿ ಬಹುಪಾಲಿನಲ್ಲಿ 661.66 ಸಾವಿರ ಎಲೆಕ್ಟ್ರಾನ್-ವೋಲ್ಟುಗಳಷ್ಟು ಶಕ್ತಿ ಮಿಕ್ಕಿರುವುದು. ಅದು ಹೆಚ್ಚಾಗಿ ಗಾಮಾ ಕಿರಣವಾಗಿ ಹೊರಡುವುದು; ಕೆಲವೊಮ್ಮೆ ಸುತ್ತಲಿನ ಎಲೆಕ್ಟ್ರಾನೊಂದಕ್ಕೆ ನೇರವಾಗಿ ಸಂದು ಅದನ್ನು ಹೊರದೂಡುವುದು. ತೀರ ಒಳಸುತ್ತಿನ ಎಲೆಕ್ಟ್ರಾನು ಹೊರಬಿದ್ದಾಗ ಅಳೆದರೆ ಸಿಗುವುದು 624.22 ಮಾತ್ರ. ಉಳಿದ 37.44 ತನ್ನ ಕಟ್ಟನ್ನು ಬಿಡಿಸಿಕೊಳ್ಳಲು ಅದು ತೆತ್ತ ಸುಂಕ. ನೂರು ಗಾಮಾ ಕಿರಣಗಳಿಗೆ ಇಂಥ ಎಲೆಕ್ಟ್ರಾನುಗಳು ಸುಮಾರು ಒಂಬತ್ತು. ಈ ಪ್ರಮಾಣದಿಂದ, ಬೀಜದ ಭ್ರಮಣದಲ್ಲಿ ಆದ ಬದಲಾವಣೆಯನ್ನು ಪಂಡಿತರು ನಿರ್ಣಯಿಸುವರು.

ಆದರೆ ಬೀಜದೊಳಗೇ ಹುಟ್ಟಿಬರುವ ಬೀಟಾ ಎಲೆಕ್ಟ್ರಾನುಗಳ ಲೆಕ್ಕ ಹೀಗೆ ಸರಿಹೋಗಲಿಲ್ಲ. ಒಂದೇ ಧಾತುವಿನಿಂದ ಬಂದರೂ ಒಂದೊಂದರ ಶಕ್ತಿ ಒಂದೊಂದು ಬಗೆಯೆಂದು 1914ರಲ್ಲಿ ಚಾಡ್ವಿಕ್ ಕಂಡರು. ಶಕ್ತಿಯು ನಾಶವಾಗದೆಂಬ ನಿಯಮವನ್ನೇ ಬೋರರಂಥ ಮಹಾಪಂಡಿತರು ಶಂಕಿಸುವಂತಾಯಿತು. ಕಾಣದ ಕಣವೊಂದು ಆ ಪಾಲನ್ನು ಒಯ್ಯುತ್ತಿರಬೇಕೆಂದು ಪೌಲಿ 1930ರಲ್ಲಿ ಊಹಿಸಿದರು. ನ್ಯೂಟ್ರಿನೋ ಎಂಬ ಆ ಜಾತಿಯ ಕಣವು 1956ರಲ್ಲಿ ಅಮೆರಿಕದ ರೈನ್ಸ್ ಮತ್ತು ಕೋವನ್ನರ ಪ್ರಯೋಗದಲ್ಲಿ ಸಿಕ್ಕಿತು. ಅಳತೆಯನ್ನು ಯಾರೂ ತಿದ್ದಿ ಬರೆಯದೆ ಇದ್ದುದರಿಂದಲೇ ಸತ್ಯವು ಕೈಗೆ ಬಂದಿತು.

ಇಂಥ ಶಾಸ್ತ್ರವು ದೂರದೇಶದವರದೆಂದು ಬಗೆಯಬಾರದು. ಸನ್ಯಾಸಿಗಳಾದ ಆಂಧ್ರದ ಸ್ವಾಮಿ ಜ್ಞಾನಾನಂದರು ಲಿವರ್ಪೂಲಿನಲ್ಲಿ ಅದೇ ಚಾಡ್ವಿಕ್ಕರ ಬಳಿ ಬೀಟಾ ಕಿರಣಗಳನ್ನು ಅಭ್ಯಸಿಸಿ, ಮುಂದೆ ವಿಶಾಖಪಟ್ಟಣದಲ್ಲಿ ಬೀಜವಿಜ್ಞಾನದ ಪ್ರಯೋಗಶಾಲೆಯನ್ನು ಕಟ್ಟಿದರು. ನಮ್ಮ ನಾಡಿನ ಡಾ. ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲೂಕಿನ ಹೊಸೂರಿನ ಬಡಮನೆಯಲ್ಲಿ 1920ರಲ್ಲಿ ಹುಟ್ಟಿದರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬೀಜವಿಜ್ಞಾನವನ್ನೋದಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿಯೇ ನಿಲ್ಲದೆ ಬೆಂಗಳೂರಿಗೆ ಮರಳಿ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಸರಳವಾಗಿ ಬಾಳಿ, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಆರಂಭಿಸಿ, ಜನಸಾಮಾನ್ಯರಿಗೆ ವಿಜ್ಞಾನವನ್ನು ತಲುಪಿಸಿದರು.

ಮಗ್ಗದ ಮನೆಯ ಮಗುವಾಗಲಿ, ಕಬ್ಬಿನ ಗದ್ದೆಯ ಮಗುವಾಗಲಿ, ಲೆಕ್ಕ ಏಕೆ ತಪ್ಪಿತೆಂದು ಕೇಳಿದಾಗ ಗದರಿಸಿ ಸುಮ್ಮನಿರಿಸಬೇಡಿರಿ. ಆ ಪ್ರಶ್ನೆಯನ್ನು ಉಳಿಸಿ, ಮಗುವನ್ನು ಓದಿಸಿರಿ ಎಂದು ತಮ್ಮಲ್ಲಿ ಬಿನ್ನವಿಸಿ ವಿರಮಿಸುವೆನು.