‘ಮತ್ತು’ ಅಲ್ಲ, ‘ಅಥವಾ’

ಮೂವತ್ತೈದು ವರ್ಷ ಅನ್ಯರ ವಾಕ್ಯಗಳನ್ನು ತಿದ್ದಿದ ನನಗೆ, ನನ್ನ ಮಾತನ್ನು ಇನ್ನೊಬ್ಬರು ಬರೆದುಕೊಳ್ಳುವುದನ್ನು ಎದುರು ಕುಳಿತು ನೋಡುವ ಯೋಗ ಒದಗಿದ್ದು 2024ರ ನವೆಂಬರಿನ ಒಂದು ಸಂಜೆ, ಪೊಲೀಸ್ ಠಾಣೆಯಲ್ಲಿ.

ಮೈಸೂರಿನಿಂದ ಹುಣಸೂರಿನ ಕಡೆಗೆ ನಾನೇ ಕಾರು ನಡೆಸುತ್ತಿದ್ದೆ. ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಹುಲ್ಲಿನ ಹೊರೆ ಹೇರಿಕೊಂಡು ಸೈಕಲ್ಲಿನಲ್ಲಿ ಹೋಗುತ್ತಿದ್ದ ರೈತರೊಬ್ಬರು ಬಲಕ್ಕೆ ತಿರುಗಿದರು. ನಾನು ಬ್ರೇಕು ಒತ್ತುವಷ್ಟರಲ್ಲಿ ಅವರು ನೆಲದ ಮೇಲಿದ್ದರು. ಕಾಲಿನ ಮೂಳೆ ಮುರಿದಿತ್ತು. ಅವರನ್ನು ಆಸ್ಪತ್ರೆಗೆ ಸೇರಿಸಿ ಠಾಣೆಯತ್ತ ಹೊರಟೆ. ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು, 24 ಗಂಟೆಯೊಳಗೆ ಠಾಣೆಗೆ ತಿಳಿಸುವುದು, ವಿಮಾ ಕಂಪನಿಗೆ ಬರೆಹದಲ್ಲಿ ವಿವರ ಒಪ್ಪಿಸುವುದು, ಇವು 1988ರ ಮೋಟಾರು ವಾಹನ ಕಾಯಿದೆ ಚಾಲಕನಿಗೆ ವಿಧಿಸಿರುವ ಕರ್ತವ್ಯಗಳು.

ಠಾಣೆಯ ಬಾಗಿಲಲ್ಲಿ ಪರವಾನಗಿಯನ್ನು ಕೈಗೆತ್ತಿಕೊಂಡಾಗ ಎದೆ ಧಸಕ್ಕೆಂದಿತು. ಐವತ್ತೈದು ದಾಟಿದವರು ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ನನ್ನದು ಮುಗಿದು ಎರಡು ತಿಂಗಳಾಗಿತ್ತು. ವಿಮೆಯ ವ್ಯವಹಾರ ಬಲ್ಲ ಗೆಳೆಯರಿಗೆ ಫೋನು ಮಾಡಿದೆ. “ನಿಮ್ಮ ಅಣ್ಣನ ಮಗ ಓಡಿಸುತ್ತಿದ್ದ ಅನ್ನಿ, ಮೇಷ್ಟ್ರೇ. ಎಲ್ಲರೂ ಮಾಡುವುದೇ” ಎಂದರು. ಹುಡುಗನನ್ನು ಕೇಳಿದೆ, “ಆಗಲಿ ಚಿಕ್ಕಪ್ಪ” ಎಂದ. ಹತ್ತು ನಿಮಿಷ ನಾನೂ ಒಪ್ಪಿಕೊಂಡಿದ್ದೆನೆಂಬುದನ್ನು ಮುಚ್ಚಿಡಲಾರೆ.

ಹೆಡ್ ಕಾನ್ಸ್‌ಟೇಬಲ್ಲರು ಕುರ್ಚಿ ಕೊಟ್ಟು ಕೂರಿಸಿ, “ಗಾಡಿ ಓಡಿಸುತ್ತಿದ್ದವರು ಯಾರು ಸಾರ್?” ಎಂದರು. ತನ್ನನ್ನೇ ಅಪರಾಧಕ್ಕೆ ಸಿಲುಕಿಸುವ ಪ್ರಶ್ನೆಗೆ ಮೌನವಾಗಿರಲು ಕಾನೂನು ಅವಕಾಶ ಕೊಡುತ್ತದೆ, ಸುಳ್ಳಾಡಲು ಕೊಡುವುದಿಲ್ಲ. ವಾಹನದ ಮಾಲೀಕನಂತೂ ಚಾಲಕನಾರೆಂದು ತಿಳಿಸಲೇಬೇಕು. ಆದರೆ ಆ ಹೊತ್ತಿನಲ್ಲಿ ನನಗೆ ಕಂಡದ್ದು ಕಾನೂನಲ್ಲ, ಕಟಕಟೆಯಲ್ಲಿ ನಿಂತ ಆ ಹುಡುಗ. “ನಾನೇ” ಎಂದೆ.

ಅವರು ಬರೆದು ಓದಿದರು: “ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಹೋಗಿ...” ನನ್ನೊಳಗಿನ ಮೇಷ್ಟ್ರು ಎದ್ದು ಕುಳಿತರು. ವೇಗ ನಲವತ್ತು ಮೀರಿರಲಿಲ್ಲ. ಹಳೆಯ ದಂಡ ಸಂಹಿತೆಯ 279ನೆಯ ಕಲಮಿನಲ್ಲಿಯೂ, 2024ರ ಜುಲೈಯಿಂದ ಅದರ ಸ್ಥಾನಕ್ಕೆ ಬಂದ ನ್ಯಾಯ ಸಂಹಿತೆಯ 281ರಲ್ಲಿಯೂ ಇರುವುದು ದುಡುಕು ‘ಅಥವಾ’ ನಿರ್ಲಕ್ಷ್ಯ. ಠಾಣೆಯ ಗದ್ಯದಲ್ಲಿ ಅದು ‘ಮತ್ತು’ ಆಗಿಬಿಟ್ಟಿದೆ. ಹಾಗೆಂದೆ. ಅವರು ನಕ್ಕು, “ಹಾಗಾದರೆ ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಸಾರ್?” ಎಂದರು.

ವ್ಯಾಕರಣ ನನ್ನನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು. ಬಿಸಿಲು ನಿಜ. ಕೆರೆಯಲ್ಲಿ ಇಳಿದಿದ್ದ ಕೊಕ್ಕರೆಗಳ ಕಡೆಗೆ ನಾನು ತಲೆ ಹೊರಳಿಸಿದ್ದೂ ನಿಜ. “ಎರಡನೆಯದನ್ನು” ಎಂದೆ. ಅಭ್ಯಾಸಬಲದಿಂದ ಪೆನ್ನು ತೆಗೆದೆ. ಇಂಥ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲವಂತೆ!

ಕಾರಿನ ದುರಸ್ತಿಗೆ ವಿಮಾ ಕಂಪನಿ ಹಣ ಕೊಡಲಿಲ್ಲ. ಅದು ನ್ಯಾಯವೇ. ಗಾಯಾಳುವಿನ ಪರಿಹಾರದ ಅರ್ಜಿ ನ್ಯಾಯಮಂಡಳಿಯಲ್ಲಿದೆ. ಚಾಲಕನ ಪರವಾನಗಿಯಲ್ಲಿ ದೋಷವಿದ್ದಾಗ ಕಂಪನಿ ಮೊದಲು ಗಾಯಾಳುವಿಗೆ ಹಣ ತೆತ್ತು ಅನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶಿಸುವುದುಂಟು. 2004ರ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದು ಆ ದಾರಿಗೆ ಬಲ ಕೊಟ್ಟಿದೆ. ವಸೂಲಿಯ ನೋಟೀಸು ಬಂದರೆ ಪಿಂಚಣಿಯಿಂದ ಕಟ್ಟಬೇಕು. ನಾವು ಹೆಣೆದ ಕತೆ ನ್ಯಾಯಮಂಡಳಿಯಲ್ಲಿ ಬಿಚ್ಚಿಕೊಂಡಿದ್ದರೆ ಆ ರೈತರ ಪರಿಹಾರವೇ ಅದರ ಸಿಕ್ಕಿನಲ್ಲಿ ಬೀಳುತ್ತಿತ್ತು.

ಅವರನ್ನು ನೋಡಲು ಎರಡು ಬಾರಿ ಹೋಗಿದ್ದೆ. ಮೊದಲ ಸಲ ಮಾತಾಡಲಿಲ್ಲ. ಎರಡನೆಯ ಸಲ, “ಸೈಕಲ್ಲು ಇನ್ನೂ ಠಾಣೇಲೇ ಐತಾ ಸ್ವಾಮಿ?” ಎಂದು ಕೇಳಿದರು. ಮರುದಿನ ಅವರ ಮಗನನ್ನು ಕರೆದುಕೊಂಡು ಬಿಡಿಸಿಕೊಳ್ಳಲು ಹೋದೆ. ಮುಂದಿನ ಚಕ್ರ ಸೊಟ್ಟಗಾಗಿತ್ತು. ಹಿಂದಿನ ಕ್ಯಾರಿಯರಿನಲ್ಲಿ ಒಣಗಿದ ಹುಲ್ಲು ಇನ್ನೂ ಸಿಕ್ಕಿಕೊಂಡಿತ್ತು.