ಬಿಡಲಾರದ ಅಂಕಣ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ಕ್ರೀಡೆಯ ಬಗ್ಗೆ ಹತ್ತು ನಿಮಿಷ ಮಾತಾಡು ಎಂದಿದ್ದಾರೆ. ಈ ಶಾಲೆಯ ಮೈದಾನದಲ್ಲಿ ವಾಲಿಬಾಲ್ ಕಲಿತವನು ನಾನು. ಆಮೇಲೆ ಊರಿನ ತಂಡಕ್ಕೆ ಇಪ್ಪತ್ತೆರಡು ವರ್ಷ ಸೆಟ್ಟರ್ ಆಗಿದ್ದೆ. ಆದರೆ ಇವತ್ತು ಹೇಳಹೊರಟಿರುವುದು ಬೇರೊಬ್ಬ ಆಟಗಾರನ ಕಥೆ.

ಮಗಳು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾಳೆ. ಬಾಣಂತನಕ್ಕೆಂದು ನಾವಿಬ್ಬರೂ ಹೋಗಿದ್ದೆವು. ನನಗೇನು ಕೆಲಸ? ಅಳಿಯಂದಿರ ಜೊತೆ ಟಿವಿ ಮುಂದೆ ಕೂತು ಅವರ ಫುಟ್‌ಬಾಲ್ ನೋಡುವುದು. ಅದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬ. ನಮ್ಮ ಸೆಟ್ಟರ್ ಇದ್ದ ಹಾಗೆ, ಚೆಂಡು ಯಾರಿಗೆ ಹೋಗಬೇಕೆಂದು ನೋಡುವವನು ಅವನೇ.

ಅಲ್ಲಿ ಗ್ರೀನ್ ಬೇ ಎಂಬ ಊರಿದೆ. ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ. ಅದರ ತಂಡ ಪ್ಯಾಕರ್ಸ್‌ಗೆ ಒಬ್ಬ ಧಣಿ ಇಲ್ಲ. ನಮ್ಮ ಡೈರಿ ಸಂಘದ ಹಾಗೆ ಸಾಮಾನ್ಯ ಜನರೇ ಷೇರುದಾರರು. ಲಾಭಾಂಶ ಮಾತ್ರ ಒಂದು ಕಾಸೂ ಇಲ್ಲ. ಆ ತಂಡಕ್ಕೆ 1992ರಲ್ಲಿ ಬ್ರೆಟ್ ಫಾರ್ವ್ ಬಂದ. ಹದಿನಾರು ವರ್ಷ ಆಡಿದ. 2003ರಲ್ಲಿ ಅವನ ತಂದೆ ತೀರಿಕೊಂಡರು. ಶಾಲೆಯಲ್ಲಿ ಅವನಿಗೆ ಆಟ ಕಲಿಸಿದವರೂ ಅವರೇ. ಮರುದಿನ ರಾತ್ರಿಯೇ ಕಣಕ್ಕಿಳಿದು ತಂಡವನ್ನು ಗೆಲ್ಲಿಸಿದ.

2008ರ ಮಾರ್ಚ್‌ನಲ್ಲಿ, ಎಲ್ಲರ ಮುಂದೆ ಕಣ್ಣೀರಿಟ್ಟು ನಿವೃತ್ತಿ ಘೋಷಿಸಿದ. ಜುಲೈ ಹೊತ್ತಿಗೆ ಮನಸ್ಸು ಬದಲಾಯಿತು: ಮತ್ತೆ ಆಡುತ್ತೇನೆ. ತಂಡದವರು ಅಷ್ಟರಲ್ಲಿ ಆರನ್ ರಾಜರ್ಸ್ ಎಂಬ ಹುಡುಗನಿಗೆ ಜಾಗ ಕೊಟ್ಟಾಗಿತ್ತು. ಅವನು ಮೂರು ವರ್ಷದಿಂದ ಬೆಂಚಿನ ಮೇಲೆ ಕಾಯುತ್ತಿದ್ದ. ಆಗಸ್ಟ್‌ನಲ್ಲಿ ಫಾರ್ವ್‌ನನ್ನು ನ್ಯೂಯಾರ್ಕ್ ಜೆಟ್ಸ್‌ಗೆ ಕೊಟ್ಟುಬಿಟ್ಟರು. ಒಂದು ವರ್ಷ ಅಲ್ಲಿ ಆಡಿ ಮತ್ತೆ ನಿವೃತ್ತಿ ಅಂದ, ಮತ್ತೆ ಬಂದ. ಈ ಸಲ ಬಂದದ್ದು ಪ್ಯಾಕರ್ಸ್‌ನ ಬದ್ಧ ವೈರಿಗಳಾದ ಮಿನ್ನೆಸೋಟ ವೈಕಿಂಗ್ಸ್‌ಗೆ! 2009ರ ನವೆಂಬರ್ 1ರಂದು ಗ್ರೀನ್ ಬೇ ಮೈದಾನಕ್ಕೆ ಕಾಲಿಟ್ಟಾಗ, ಹದಿನಾರು ವರ್ಷ ಹೊತ್ತು ಮೆರೆಸಿದ ಜನವೇ ಕೂಗಿ ಛೀಮಾರಿ ಹಾಕಿದರು. ಪಂದ್ಯ ಅವನೇ ಗೆದ್ದ, 38-26.

ಅಳಿಯಂದಿರು ಇವತ್ತಿಗೂ ಅವನನ್ನು ಬೈಯುತ್ತಾರೆ. ನನಗೆ ಬೈಯಲಾಗಲಿಲ್ಲ. ಮೇಷ್ಟ್ರುಗಳಿಗೆ ಸರ್ಕಾರ ದಿನಾಂಕ ಗೊತ್ತುಮಾಡುತ್ತದೆ. ಹಾರ, ಶಾಲು, ಮುಗಿಯಿತು. ಆಟಗಾರನಿಗೆ ಆ ದಿನಾಂಕ ಯಾರು ಕೊಡಬೇಕು? ಮೊಣಕಾಲು ಒಂದು ಹೇಳುತ್ತದೆ, ಸಂಜೆ ಐದಾದರೆ ಮನಸ್ಸು ಇನ್ನೊಂದು ಹೇಳುತ್ತದೆ. ತಂಡದವರದ್ದೂ ತಪ್ಪಲ್ಲ. ಆ ರಾಜರ್ಸ್ 2011ರ ಫೆಬ್ರವರಿಯಲ್ಲಿ ಅವರಿಗೆ ದೊಡ್ಡ ಕಪ್ ತಂದುಕೊಟ್ಟ. ಆಮೇಲೆ 2023ರಲ್ಲಿ ಅವನೂ ಜೆಟ್ಸ್‌ಗೇ ಹೋದ, ಅದು ಬೇರೆ ಕಥೆ. ಫಾರ್ವ್‌ನನ್ನು 2015ರಲ್ಲಿ ಊರಿಗೆ ಕರೆದು ಸನ್ಮಾನಿಸಿದರು, ಅವನ 4ನೇ ನಂಬರಿನ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲ ಎಂದರು. ಮೈದಾನ ತುಂಬಿತ್ತಂತೆ.

ನನ್ನದೂ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಹೊನಲು ಬೆಳಕಿನ ಪಂದ್ಯಾವಳಿ ಮುಗಿದ ಮೇಲೆ ಮೈಕಿನಲ್ಲಿ ‘ಇದೇ ಕೊನೆ’ ಅಂದಿದ್ದೆ. ಮುಂದಿನ ದೀಪಾವಳಿಗೆ ಮತ್ತೆ ಅಂಕಣದಲ್ಲಿದ್ದೆ. ನನ್ನ ಜಾಗಕ್ಕೆ ಬಂದಿದ್ದ ಹುಡುಗ ಏನೂ ಅನ್ನದೆ ಹೊರಗೆ ಹೋಗಿ ನೀರಿನ ಕ್ಯಾನ್ ಪಕ್ಕ ಕೂತ. ಆಗ ನನಗೆ ಅದು ಕಾಣಲಿಲ್ಲ. ಆ ಟಿವಿಯಲ್ಲಿ ಬೆಂಚಿನ ಮೇಲೆ ಕೂತ ರಾಜರ್ಸ್‌ನನ್ನು ತೋರಿಸಿದಾಗ ಕಂಡಿತು.

ಇವತ್ತು ಬೆಳಿಗ್ಗೆ ಹಳೆಯ ವಿದ್ಯಾರ್ಥಿಗಳ ಪಂದ್ಯಕ್ಕೆ ಶೂ ತಂದಿದ್ದೆ, ನಿಜ. ಅದೇ ಹುಡುಗ ಬಂದು, ‘ಅಣ್ಣಾ, ಮೊದಲ ಸೆಟ್ ನೀವೇ ಆಡಿ’ ಅಂದ. ಆಡಿದೆ. ಎರಡನೇ ಸೆಟ್‌ಗೆ ನಾನೇ ಅವನನ್ನು ಕರೆದು ಹೊರಗೆ ಬಂದು ಕೂತೆ. ಮೂರನೇದಕ್ಕೆ ಹೋಗಿದ್ದರೆ ಏನು ಮಾಡುತ್ತಿದ್ದೆನೋ, ಪುಣ್ಯಕ್ಕೆ ಎರಡರಲ್ಲೇ ಗೆದ್ದರು.