ಹಳೆಯ ಜಿಪ್ಸಿ, ಇಳಿಯದ ಬೆಲೆ

ಕೆಲಸ ಸಿಕ್ಕಿ ನಾಲ್ಕು ಕಾಸು ಕೂಡಿದೊಡನೆ ಕಾರಿನ ಆಸೆ ಹುಟ್ಟುವುದು ಸಹಜ. ಆದರೆ ಹೊಸ ಕಾರಿನ ಬೆಲೆ ಮೊದಲ ದಿನದಿಂದಲೇ ಕರಗತೊಡಗುತ್ತದೆ. ನಾಲ್ಕು ವರ್ಷ ದಾಟಿದ ಕಾರಿಗೆ ವಿಮೆಯವರು ಹಾಕುವ ಸವಕಳಿ ಶೇಕಡ 50. ಆ ನಷ್ಟವನ್ನು ಮೊದಲ ಮಾಲೀಕರಿಗೇ ಬಿಟ್ಟು, ಆಮೇಲೆ ಕೊಳ್ಳುವುದು ಜಾಣತನ.

ಓಡಿಸಲೂ ಖುಷಿ, ಮಾರುವಾಗಲೂ ಕೈಬಿಡದ ಗಾಡಿ ಯಾವುದೆಂದು ಕೇಳಿದರೆ ನಾನು ಹೇಳುವುದು ಮಾರುತಿ ಜಿಪ್ಸಿ. 1985ರಲ್ಲಿ 970 ಸಿ.ಸಿ. ಎಂಜಿನ್‌ನೊಂದಿಗೆ ಬಂದದ್ದು, ಅನಂತರ 1.3 ಲೀಟರಿನ ಜಿಪ್ಸಿ ಕಿಂಗ್ ಬಂತು. ಹಗುರವಾದ ಮೈ, ಏಣಿಯಾಕಾರದ ಉಕ್ಕಿನ ಚಾಸಿ, ಬೇಕೆಂದಾಗ ನಾಲ್ಕೂ ಚಕ್ರಗಳಿಗೆ ಶಕ್ತಿ. ಮಲೆನಾಡಿನ ಕೆಸರುದಾರಿಗೆ ಹೇಳಿ ಮಾಡಿಸಿದಂತಿದೆ. (ಹಿಂದಿನ ಸೀಟಿನವರ ಬೆನ್ನಿನ ಮಾತು ಬೇರೆ!) 2019ರಲ್ಲಿ ಜನಸಾಮಾನ್ಯರಿಗೆ ಇದರ ಮಾರಾಟ ನಿಂತಿತು. ಹೊಸದು ಸಿಗುವುದಿಲ್ಲ, ಬೇಕೆನ್ನುವವರು ಇದ್ದೇ ಇದ್ದಾರೆ. ಸಹಜವಾಗಿಯೇ ಬೆಲೆ ನಿಂತಿದೆ.

ನೋಡಲು ಹೋದಾಗ ಹೊಸ ಬಣ್ಣಕ್ಕೆ ಮರುಳಾಗಬೇಡಿ. ಬಗ್ಗಿ ಚಾಸಿ ನೋಡಿ. ಎಂಜಿನ್ ಬಿಚ್ಚಿ ಸರಿಪಡಿಸಬಹುದು. ಚಾಸಿಗೆ ತುಕ್ಕು ಹಿಡಿದಿದ್ದರೆ ದುಡ್ಡು ನೀರಿಗೆ ಹಾಕಿದಂತೆಯೇ. ಕರಾವಳಿಯ ಉಪ್ಪುಗಾಳಿಯಲ್ಲಿದ್ದ ಗಾಡಿಯಾದರೆ ಇನ್ನೂ ಎಚ್ಚರ. ಎಂಜಿನ್, ಚಾಸಿ ಸಂಖ್ಯೆಗಳು ಆರ್.ಸಿ.ಯೊಡನೆ ತಾಳೆಯಾಗದಿದ್ದರೆ ಎಷ್ಟು ಅಗ್ಗವಾದರೂ ಬೇಡ. 15 ವರ್ಷ ದಾಟಿದ್ದರೆ ನೋಂದಣಿ ನವೀಕರಣವಾಗಿದೆಯೇ ಕೇಳಿ; ಅದು 5 ವರ್ಷಕ್ಕೊಮ್ಮೆ ಆಗಬೇಕು. ಮುಂಗಡ ಕೊಡುವ ಮುನ್ನ ನಿಮಗೆ ಪರಿಚಯವಿರುವ ಮೆಕ್ಯಾನಿಕ್ಕನ್ನೇ ಕರೆದುಕೊಂಡು ಹೋಗಿ. ಮಾರುವವರು ತೋರಿಸಿದ ಮೆಕ್ಯಾನಿಕ್ ಬೇಡ.